ನೆರಳಿಗೊಂದು ಪರವಾನಿಗೆ

ದಸ್ತಗೀರ್ ಸಾಬರು ಕೈಗೆ ಗಡಿಯಾರ ಕಟ್ಟಿದವರಲ್ಲ. ಬೇವಿನ ಮರ ಇರುವಾಗ ಗಡಿಯಾರ ಯಾಕೆ ಬೇಕು ಎನ್ನುವುದು ಅವರ ವಾದ. ರಾಯಚೂರಿನ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ, ಯಾವುದೋ ಕಾಲದ ಜಾಗೀರದಾರರು ಊರಿಗೆ ಬಿಟ್ಟುಕೊಟ್ಟ ಒಂದು ತೋಟವಿತ್ತು. ಜನ ಅದನ್ನು ಬಾಗ್ ಅನ್ನುತ್ತಿದ್ದರು. ಬಾಗಿನ ನಡುವೆ ಆ ಬೇವು. ಮುಂಜಾನೆ ಅದರ ನೆರಳು ಪಡುವಣಕ್ಕೆ ಚಾಚಿಕೊಂಡಾಗ ಅಲ್ಲಿ ಗಬ್ಬೂರಿನ ಬಂಡೆಮ್ಮ ಒದ್ದೆ ಬಟ್ಟೆ ಸುತ್ತಿದ ಎರಡು ಮಜ್ಜಿಗೆ ಗಡಿಗೆ ಇಟ್ಟುಕೊಂಡು ಕೂಡುತ್ತಿದ್ದಳು. ಮೂಡಣದ ಬಿಸಿಲಲ್ಲಿ ಸಾಬರು ಮೂರು ಕಾಲಿನ ಡಬ್ಬಿ ಕ್ಯಾಮೆರಾ ನಿಲ್ಲಿಸಿ, ಎರಡು ಬಿದಿರಿಗೆ ಪರದೆ ಕಟ್ಟುತ್ತಿದ್ದರು. ಪರದೆಯ ಮೇಲೆ ಅವರೇ ಬಿಡಿಸಿದ ಕೆರೆ, ಕೆರೆಯಲ್ಲಿ ಹಂಸ. ಹಂಸವನ್ನು ಅವರು ಕಣ್ಣಾರೆ ಕಂಡಿರಲಿಲ್ಲವಾದ್ದರಿಂದ ಅದು ಬಾತುಕೋಳಿಯಂತೆ ಇತ್ತು.

ಮಧ್ಯಾಹ್ನ ನೆರಳು ಮರದ ಬುಡಕ್ಕೆ ಮುದುಡಿಕೊಂಡಾಗ ಇಬ್ಬರೂ ಬುಡದಲ್ಲಿ ಸೇರಿ ರೊಟ್ಟಿ ಬಿಚ್ಚುತ್ತಿದ್ದರು. ಎರಡರ ಮೇಲೆ ನೆರಳು ಮೂಡಣಕ್ಕೆ ಹೊರಳುತ್ತಿತ್ತು. ಬಂಡೆಮ್ಮ ಒಂದು ಗಡಿಗೆ ಎತ್ತಿಕೊಂಡು ಆ ಕಡೆಗೆ, ಇನ್ನೊಂದು ಗಡಿಗೆಯನ್ನು ಸಾಬರು ಆಕೆಗೆ ಮುಟ್ಟಿಸಿ, ಆಮೇಲೆ ತಮ್ಮ ಕ್ಯಾಮೆರಾ ಹೊತ್ತು ಪಡುವಣದ ಬಿಸಿಲಿಗೆ. ಹನ್ನೆರಡು ವರ್ಷ ಹೀಗೇ ನಡೆದಿತ್ತು. ಇದನ್ನು ಯಾರೂ ಕೂತು ಮಾತಾಡಿ ಗೊತ್ತುಮಾಡಿದ್ದಲ್ಲ.

ಇದರಲ್ಲಿ ಇಬ್ಬರಿಗೂ ಗರಜು ಇತ್ತು ಅನ್ನಿ. ಬಿಸಿಲಿಗೆ ಬಿದ್ದರೆ ಮಜ್ಜಿಗೆ ಮಧ್ಯಾಹ್ನದೊಳಗೆ ಬಾಯಿಗಿಡಲಾರದಷ್ಟು ಹುಳಿಯಾಗುತ್ತದೆ. ಸಾಬರ ಡಬ್ಬಿಗೋ ಬಿಸಿಲೇ ಬೇಕು. ಬಿಸಿಲಿದ್ದರೆ ಅದರ ಮುಚ್ಚಳ ತೆಗೆದು ‘ಒಂದು, ಎರಡು’ ಎಣಿಸಿ ಮುಚ್ಚಿದರಾಯಿತು, ಮುಖ ಚೊಕ್ಕ ಮೂಡುತ್ತದೆ. ನೆರಳಲ್ಲಿ ಹತ್ತರವರೆಗೆ ಎಣಿಸಬೇಕು. ಹತ್ತು ಎಣಿಸುವವರೆಗೆ ಅಲುಗಾಡದೆ ಕೂಡುವ ಮನುಷ್ಯ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದು ಸಾಬರು ಹೇಳುತ್ತಿದ್ದರು. ಅದರಲ್ಲೂ ಅವರ ಗಿರಾಕಿಗಳು ಬರುವುದೇ ಮಧ್ಯಾಹ್ನದ ಮೇಲೆ. ದೇವದುರ್ಗದ ಬಸ್ಸು, ಮಾನ್ವಿಯ ಬಸ್ಸು ಎರಡೂ ಎರಡು ಗಂಟೆಯ ಸುಮಾರಿಗೆ ಬಂದು, ಜನ ಬಾಗಿಗೆ ಕಾಲಿಡುತ್ತಿದ್ದರು. ಹೊಸ ಮದುವೆಯವರು, ಕೂಸಿನ ಜವಳ ತೆಗೆಸಿದವರು, ಪುಣೆಗೆ ದುಡಿಯಲು ರೈಲು ಹತ್ತುವವರು. ಆ ಮೂರು ತಾಸಿನ ಬಿಸಿಲೇ ಸಾಬರ ಹೊಟ್ಟೆಪಾಡು.

ಬಾಗಿನಲ್ಲಿ ವ್ಯಾಪಾರ ಮಾಡುವವರಿಂದ ಮಾಲಿ ಖಾಸಿಂ ಸಾಬ್ ದಿನಾ ನಾಲ್ಕಾಣೆ ಇಸಿದುಕೊಂಡು ಒಂದು ಚೀಟಿ ಹರಿದು ಕೊಡುತ್ತಿದ್ದ. ವ್ಯಾಪಾರ ಆಗದ ದಿನ ಚೀಟಿ ಬೇಡ ಅಂದರೆ ಅವನೂ ಸುಮ್ಮನಾಗುತ್ತಿದ್ದ. ಎಪ್ಪತ್ತೊಂಬತ್ತನೆಯ ಇಸವಿಯ ಯುಗಾದಿಗೆ ಬಾಗ್ ಕಮಿಟಿಯವರಿಗೆ ಅದೇನು ಹೊಳೆಯಿತೋ, ಚೀಟಿಯ ಪುಸ್ತಕ ಕಿತ್ತುಕೊಂಡು ಗೇಟಿಗೆ ಒಂದು ನೋಟೀಸು ಅಂಟಿಸಿದರು. ಇನ್ನು ಮೇಲೆ ವರ್ಷಕ್ಕೊಂದು ಪರವಾನಿಗೆ. ಅಚ್ಚು ಹಾಕಿಸಿದ ಅರ್ಜಿಯಲ್ಲಿ ಹೆಸರು, ಊರು, ಸರಕು, ಜಾಗ ಎಲ್ಲ ಬರೆದು ಕೊಡಬೇಕು. ಗೇಟಿನ ಬಳಿ ಒಂದು ಫೀಸು, ಕಾರಂಜಿಯ ಸುತ್ತ ಒಂದು ಫೀಸು, ಉಳಿದ ಕಡೆ ಒಂದು. ಬರೆದುಕೊಟ್ಟ ಜಾಗ ಬಿಟ್ಟು ಕದಲುವಂತಿಲ್ಲ. ಮೂರು ಸಲ ಕದಲಿದರೆ ಪರವಾನಿಗೆ ರದ್ದು.

ಬಾಗಿನ ವ್ಯಾಪಾರಿಗಳಲ್ಲಿ ಅಕ್ಷರ ಬಲ್ಲವರು ದಸ್ತಗೀರ್ ಸಾಬರೊಬ್ಬರೇ. ಮಾನ್ವಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವರು, ಉರ್ದುವೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಆ ಹೆಮ್ಮೆ ಅವರಿಗೆ ತುಸು ಜಾಸ್ತಿಯೇ ಇತ್ತು. ಶೇಂಗಾ ಮಾರುವ ಖತೀಜಾ ಬೀಯಿಂದ ಹಿಡಿದು ಎಲ್ಲರ ಅರ್ಜಿ ತುಂಬಿಕೊಟ್ಟು ಕೊನೆಗೆ ಬಂಡೆಮ್ಮನ ಕಾಗದ ತೊಡೆಯ ಮೇಲೆ ಇಟ್ಟುಕೊಂಡರು.

“ಹೆಸರು ಬರದೆ, ಊರು ಬರದೆ, ಮಜ್ಜಿಗಿ ಅಂತನೂ ಬರದೆ,” ಅಂದರು. “ಇಲ್ಲಿ ನೋಡು, ವ್ಯಾಪಾರದ ಜಾಗ ಯಾವದು ಅಂತ ಕೇಳ್ಯಾರ.”

“ನೆಳ್ಳು ಅಂತ ಬರೀರಿ, ಸಾಬ್ರ.”

“ನೆಳ್ಳಂದ್ರ ಜಾಗ ಅಲ್ಲ ಬಂಡೆಮ್ಮ. ಗಿಡದ ಯಾವ ಕಡಿಗೆ ಅಂತ ಹೇಳಬೇಕು.”

“ಯಾವ ಕಡಿಗೆ ಅಂದ್ರ? ನೆಳ್ಳು ಯಾವ ಕಡಿಗೆ ಇರತದ ಆ ಕಡಿಗೆ. ಹನ್ನೆರಡು ವರ್ಷ ಆತು, ನಾ ಮತ್ತೆಲ್ಲಿ ಕುಂತೀನಿ ನೀವೇ ಹೇಳ್ರಿ. ಹೆಬ್ಬಟ್ಟು ಒತ್ತಾಕಿ ನಾನು. ನನ್ನ ಕೈಲಿಂದ ಸುಳ್ಳ ಬರಸಬ್ಯಾಡ್ರಿ.”

ಸಾಬರಿಗೆ ನಗು ಬಂತು. ಆದರೂ ಆಕೆ ಹೇಳಿದ್ದು ಖರೆಯೇ ಇತ್ತಲ್ಲ. ‘ಬೇವಿನ ಮರದ ನೆರಳು’ ಎಂದು ದುಂಡಗೆ ಬರೆದು ಹೆಬ್ಬಟ್ಟು ಒತ್ತಿಸಿದರು. ತಮ್ಮ ಅರ್ಜಿಗೆ ಬಂದಾಗ ಮಾತ್ರ ಏಳನೆಯ ಇಯತ್ತೆ ತಲೆಗೆ ಏರಿತು. ಸರಕಾರದ ಕಾಗದದಂಥ ಕಾಗದ, ಅದಕ್ಕೆ ತಕ್ಕ ಉತ್ತರ ಬೇಡವೇ? ಎದ್ದುಹೋಗಿ ಮರದಿಂದ ಹೆಜ್ಜೆ ಅಳೆದು ಬಂದು, ‘ಬೇವಿನ ಮರದಿಂದ ಪೂರ್ವಕ್ಕೆ ಸರಿಯಾಗಿ ಎಂಟು ಗಜ’ ಎಂದು ಬರೆದರು. ಆಗ ಮುಂಜಾನೆ ಹತ್ತು ಗಂಟೆ. ಅಲ್ಲಿ ಬಿಸಿಲು ಝಗಝಗ ಅನ್ನುತ್ತಿತ್ತು.

ಆಫೀಸಿನ ಕಿಟಕಿಯಲ್ಲಿ ಬಂಡೆಮ್ಮನಿಗೆ ಗಬ್ಬೂರಿನ ಬಸ್ಸಿನ ಅವಸರ. ಸಾಬರು ಆಕೆಯ ಅರ್ಜಿ ಮೇಲಿಟ್ಟು, ತಮ್ಮದನ್ನು ಅದರ ಕೆಳಗಿಟ್ಟರು. ಹಾಗಾಗಿ ಆಕೆಗೆ ಆರನೆಯ ನಂಬರು, ಇವರಿಗೆ ಏಳು ಸಿಕ್ಕಿತು. ಗುಮಾಸ್ತ ಫೀಸಿನ ಪಟ್ಟಿಯಲ್ಲಿ ನೆರಳನ್ನು ಹುಡುಕಿದ. ಸಿಗಲಿಲ್ಲ. ‘ಇತರೆ’ ಎಂಬ ಸಾಲಿನಲ್ಲಿ ಸೇರಿಸಿ, ಎಲ್ಲಕ್ಕಿಂತ ಕಡಿಮೆ ಫೀಸು ತಗೊಂಡು, ಠಸ್ಸೆ ಹೊಡೆದು ಕೈಗೆ ಕೊಟ್ಟ.

ಠಸ್ಸೆ ಒಣಗುವ ಮೊದಲೇ ಮಹಾಂತಯ್ಯನವರು ಬಂದರು. ದೇವದುರ್ಗದ ಕಡೆಯವರು, ಕಮಿಟಿಯವರು ಹೊಸದಾಗಿ ನೇಮಿಸಿದ ಮೇಲ್ವಿಚಾರಕರು. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ನಿಯಮದ ಪುಸ್ತಕ. ಕೆಟ್ಟ ಮನುಷ್ಯರೇನಲ್ಲ, ಆದರೆ ಪುಸ್ತಕ ಕೇಳದೆ ಕೆಮ್ಮುವವರೂ ಅಲ್ಲ. ಮೊದಲ ದಿನ ಬಂಡೆಮ್ಮ ಒಂದು ಲೋಟ ಮಜ್ಜಿಗೆ ಹಿಡಿದರೆ, ಪರವಾನಿಗೆದಾರರಿಂದ ಏನೂ ಮುಟ್ಟುವಂತಿಲ್ಲ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು.

ಟೇಪು ಹಿಡಿದು ಒಬ್ಬೊಬ್ಬರ ಜಾಗ ಅಳೆದು ಗೂಟ ಹೊಡೆಸಿದರು. ಸಾಬರ ಎಂಟು ಗಜಕ್ಕೂ ಒಂದು ಗೂಟ ಬಿತ್ತು. ಬಂಡೆಮ್ಮನ ಪರವಾನಿಗೆ ಓದಿ ಮಾತ್ರ ಟೇಪು ಸುತ್ತಿಟ್ಟರು. ಸುಣ್ಣದ ಪುಡಿ ತರಿಸಿ ನೆರಳಿನ ಸುತ್ತ ಗೆರೆ ಎಳೆಸಿದರು. ಒಂದು ತಾಸಿಗೆ ನೆರಳು ಗೆರೆ ದಾಟಿ ಹೋಗಿತ್ತು. ಮತ್ತೆ ಎಳೆಸಿದರು. ಸಂಜೆಯೊಳಗೆ ಬೇವಿನ ಸುತ್ತ ನೆಲವೆಲ್ಲ ಗೆರೆಯೇ ಗೆರೆ, ಹಬ್ಬಕ್ಕೆ ರಂಗೋಲಿ ಕಲಿಯುವವರು ಗೀಚಿದ ಹಾಗೆ. ಕೊನೆಗೆ ಪುಸ್ತಕ ಬಿಡಿಸಿ ನೋಡಿದರೆ, ಠಸ್ಸೆ ಬಿದ್ದ ಪರವಾನಿಗೆಯ ಒಂದಕ್ಷರವನ್ನೂ ವರ್ಷ ಮುಗಿಯುವವರೆಗೆ ತಿದ್ದುವಂತಿಲ್ಲ ಎಂದಿತ್ತು.

“ನೆರಳು ಅಂದ್ರ ನೆರಳು,” ಅಂದರು ಮಹಾಂತಯ್ಯನವರು, ಸೋತ ದನಿಯಲ್ಲಿ. “ಅದು ಎಲ್ಲಿಗೆ ಹೋಗತದ ನೀನೂ ಅಲ್ಲಿಗೆ ಹೋಗು ತಾಯಿ. ಕಾನೂನು ಪ್ರಕಾರ ಅದು ನಿಂದೇ.”

ಬಂಡೆಮ್ಮನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಗಡಿಗೆ ಎತ್ತಿಕೊಂಡು ಎಂದಿನಂತೆ ನೆರಳಿನ ಹಿಂದೆ ಹೋದಳು. ಕೆಟ್ಟದ್ದು ಸಾಬರಿಗೆ. ಎರಡರ ಮೇಲೆ ಅದೇ ನೆರಳು ಮೂಡಣಕ್ಕೆ ಬಂದು, ಅವರ ಗೂಟವನ್ನೂ ಪರದೆಯನ್ನೂ ಬಾತುಕೋಳಿಯಂಥ ಹಂಸವನ್ನೂ ಪೂರಾ ನುಂಗಿತು. ಸಾಬರು ಕ್ಯಾಮೆರಾ ಎತ್ತಿ ಪಡುವಣಕ್ಕೆ ಹೊರಟರೆ ಮಹಾಂತಯ್ಯನವರು ಅಡ್ಡ ಬಂದರು. ಅದು ಮೊದಲನೆಯ ಎಚ್ಚರಿಕೆ, ಪುಸ್ತಕದಲ್ಲಿ ಬರೆದಾಯಿತು. ನಾಲ್ಕು ದಿನ ಬಿಟ್ಟು, ಅಯ್ಯನವರು ಊಟಕ್ಕೆ ಹೋಗಿದ್ದಾರೆಂದು ಕಳ್ಳನ ಹಾಗೆ ಬಿಸಿಲಿಗೆ ಸರಿದರು. ಅಯ್ಯನವರು ಊಟ ಬೇಗ ಮುಗಿಸಿದ್ದರು. ಅದು ಎರಡನೆಯದು. ಮೂರನೆಯದಕ್ಕೆ ಪರವಾನಿಗೆಯೇ ಹೋಗುತ್ತದೆ, ಹೋದರೆ ಮೂವತ್ತು ವರ್ಷ ಹೊಟ್ಟೆ ಹೊರೆದ ಡಬ್ಬಿಯನ್ನು ಅಟ್ಟಕ್ಕೆ ಹಾಕಬೇಕು.

ನೆರಳಲ್ಲೇ ನಿಂತು ಹತ್ತರವರೆಗೆ ಎಣಿಸತೊಡಗಿದರು. ಆರಕ್ಕೆ ಒಬ್ಬ ಸೀನಿದ, ಎಂಟಕ್ಕೆ ಒಬ್ಬಳು ಸೆರಗು ಸರಿಪಡಿಸಿಕೊಂಡಳು. ಮಾನ್ವಿಯಿಂದ ಬಂದ ಮದುಮಗನ ಮೀಸೆ ಎರಡೆರಡು ಮೂಡಿತು. ಗಿರಾಕಿಗಳು ಕಡಿಮೆಯಾದರು. ಮನೆಯಲ್ಲಿ ಹೆಂಡತಿ ಉಮ್ಮೇ ಕುಲ್ಸುಮ್, ಎಲ್ಲರ ಅರ್ಜಿ ಬರೆಯಲು ಹೋದವರು ತಮ್ಮದೊಂದನ್ನು ನೆಟ್ಟಗೆ ಬರೆದುಕೊಳ್ಳಬಾರದಿತ್ತೇ ಎಂದು ಒಮ್ಮೆ ಕೇಳಿದಳು.

ಆ ಸೋಮವಾರ ದೇವದುರ್ಗದ ಬಸ್ಸಿನಿಂದ ಯಮನಮ್ಮ ಎಂಬ ಎಳೆಯ ಹೆಂಗಸು ಗಂಡನನ್ನೂ ವರ್ಷ ತುಂಬದ ಕೂಸನ್ನೂ ಕರೆದುಕೊಂಡು ಬಂದಳು. ಗಂಡ ಪುಣೆಗೆ ಹೋಗುವವನು, ಗುರುವಾರ ಸಂಜೆ ರೈಲು. ಜತೆಗೆ ಒಯ್ಯಲು ಅವನಿಗೆ ಮಗನ ಫೋಟೋ ಬೇಕಿತ್ತು. ಸಾಬರು ಕರಿ ಬಟ್ಟೆಯೊಳಗೆ ತಲೆ ಹಾಕಿ, ಚಿಟಿಕೆ ಹೊಡೆದು, ಗುಬ್ಬಿಯ ಹಾಗೆ ಕೂಗಿ, ಮೆತ್ತಗೆ ಎಣಿಸಿದರು. ಕೂಸು ಮೂರಕ್ಕೆ ತಂದೆಯನ್ನು ನೋಡಿತು, ಆರಕ್ಕೆ ಮರದ ಮೇಲಿನ ಕಾಗೆಯನ್ನು, ಒಂಬತ್ತಕ್ಕೆ ಬಂಡೆಮ್ಮನ ಗಡಿಗೆಯನ್ನು. ಕ್ಯಾಮೆರಾದ ಡಬ್ಬಿಯೊಳಗೇ ಕೈಯಾಡಿಸಿ ಕಾಗದ ತೊಳೆದು ತೆಗೆದ ಚಿತ್ರದಲ್ಲಿ ತಾಯಿ ಇದ್ದಳು, ತಂದೆ ಇದ್ದ, ಅವರ ತೊಡೆಯ ಮೇಲೆ ಒಂದು ಟೊಪ್ಪಿಗೆ ಮತ್ತು ಬೆಳ್ಳನೆಯ ಮಂಜು.

ಯಮನಮ್ಮ ಅದನ್ನು ಆಚೆ ಈಚೆ ತಿರುಗಿಸಿ ನೋಡಿದಳು.

“ಯಪ್ಪಾ, ಇದರಾಗ ನನ್ನ ಮಗಂಗ ಮಾರಿನೇ ಇಲ್ಲಲ್ಲ,” ಅಂದಳು.

ಬೈದಿದ್ದರೆ ಸಾಬರು ತಡೆದುಕೊಳ್ಳುತ್ತಿದ್ದರು. ಆಕೆ ಬೈಯಲಿಲ್ಲ, ತನ್ನದೇ ಏನೋ ತಪ್ಪಾಗಿದೆ ಎನ್ನುವ ಹಾಗೆ ಕೇಳಿದಳು. ಸಾಬರು ರೊಕ್ಕ ತಗೊಳ್ಳಲಿಲ್ಲ. ಗುರುವಾರ ರೈಲಿಗೆ ಹೆಂಗೂ ಬರತೀರಿ, ಬಸ್ ಇಳಿದವರು ಸೀದಾ ಇಲ್ಲಿಗೆ ಬರ್ರಿ, ಚೊಲೋ ತೆಗೆದು ಕೊಡ್ತೀನಿ ಎಂದು ಬಾಯಿಬಿಟ್ಟು ಹೇಳಿಬಿಟ್ಟರು. ಅವರು ಹೋದ ಮೇಲೆ ನೆನಪಾಯಿತು, ಗುರುವಾರವೂ ಆ ಬಸ್ಸು ಬರುವುದು ಎರಡಕ್ಕೇ, ಎರಡಕ್ಕೆ ಇಲ್ಲಿ ನೆರಳೇ. ಪಡುವಣಕ್ಕೆ ಸರಿದರೆ ಅದು ಮೂರನೆಯ ಎಚ್ಚರಿಕೆ. ಆದದ್ದಾಗಲಿ, ಒಂದು ಫೋಟೋಕ್ಕೆ ಪರವಾನಿಗೆ ಹೋದರೆ ಹೋಗಲಿ ಎಂದು ಅವರು ಮನಸ್ಸು ಗಟ್ಟಿ ಮಾಡಿಕೊಂಡು ಪರದೆ ಸುತ್ತಿದರು. ಪಕ್ಕದಲ್ಲೇ ಕೂತಿದ್ದ ಬಂಡೆಮ್ಮ ಎಲ್ಲ ನೋಡಿದಳು.

ಬುಧವಾರ ಮುಂಜಾನೆ ಆಕೆ ಗಡಿಗೆ ಇಳಿಸಿದವಳೇ ಒಂದು ಬಿಳಿ ಹಾಳೆ ತಂದು ಸಾಬರ ಮುಂದಿಟ್ಟಳು.

“ಒಂದು ತಕರಾರ ಅರ್ಜಿ ಬರದು ಕೊಡ್ರಿ. ಅಯ್ಯಾರಿಗೆ ಕೊಡಬೇಕು.”

“ಯಾರ ಮ್ಯಾಲ?”

“ನಿಮ್ಮ ಮ್ಯಾಲ.”

ಸಾಬರು ಆಕೆಯ ಮುಖ ನೋಡಿದರು. ಚೇಷ್ಟೆ ಮಾಡುವ ಮುಖ ಅದಾಗಿರಲಿಲ್ಲ. ಹನ್ನೆರಡು ವರ್ಷ ಈಕೆಯ ಗಡಿಗೆ ಹೊತ್ತಿದ್ದೇನೆ, ಈಕೆ ಕೊಟ್ಟ ಮಜ್ಜಿಗೆ ಕುಡಿದಿದ್ದೇನೆ, ಈಕೆಯ ಮನೆಯ ಎಮ್ಮೆ ಈದದ್ದು, ಗಂಡ ಸಾಬಣ್ಣನಿಗೆ ಜ್ವರ ಬಂದದ್ದು ಎಲ್ಲ ನನಗೆ ಗೊತ್ತು, ಈಗ ನನ್ನ ಮೇಲೆಯೇ ತಕರಾರು ಅಂದರೆ ಹೇಗೆ, ಅಂದುಕೊಂಡರು. ಆದರೂ ಬರೆಯುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಬೇರೆಯವರ ಅರ್ಜಿಯನ್ನೆಲ್ಲ ಬರೆದವರು ಇದನ್ನು ಒಲ್ಲೆ ಎಂದರೆ ಅದು ಮರ್ಯಾದೆಯೇ?

“ಹೇಳು,” ಅಂದರು, ತಲೆ ತಗ್ಗಿಸಿ.

“ನನ್ನ ನಂಬರ್ ಆರು. ನನ್ನ ಜಾಗ ಗಿಡದ ನೆಳ್ಳು. ನೆಳ್ಳಿಗೆ ನಾ ರೊಕ್ಕ ಕಟ್ಟೀನಿ. ದಿನಾ ಎರಡಾತು ಅಂದ್ರ ಏಳನೇ ನಂಬರಿನ ದಸ್ತಗೀರ್ ಸಾಬ್ರು ನನ್ನ ಜಾಗದಾಗ ಬಂದು ನಿಂದರತಾರ.”

“ನಾ ಎಲ್ಲಿ ಬರತೀನಿ? ನಾ ನಿಂತಲ್ಲೇ ನಿಂತಿರತೀನಿ. ನಿನ್ನ ನೆಳ್ಳು ಬಂದು ನನ್ನ ಮ್ಯಾಲ ಬೀಳತದ.”

“ಅದನ್ನ ಬರೀಬ್ಯಾಡ್ರಿ. ನಾ ಹೇಳಿದಷ್ಟು ಬರೀರಿ.”

ಸಾಬರು ಬರೆದರು. ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ.

“ಅವರು ಅಲ್ಲಿ ನಿಂದ್ರೋದ್ರಿಂದ ನನಗ ತ್ರಾಸ ಆಗಾಕತ್ತದ,” ಬಂಡೆಮ್ಮ ಮುಂದುವರಿಸಿದಳು. “ಅದಕ್ಕ ಅಯ್ಯಾರು ನಾಳಿಗೇ ಅವರನ್ನ ನನ್ನ ನೆಳ್ಳಿನಿಂದ ಹೊರಗ ಹಾಕಬೇಕು.”

‘ನೆರಳಿನಿಂದ ಹೊರಗೆ’ ಎಂಬಲ್ಲಿಗೆ ಬಂದ ಪೆನ್ನು ಅಲ್ಲಿಯೇ ನಿಂತಿತು. ನೆರಳಿನಿಂದ ಹೊರಗೆ ಹಾಕಿದರೆ ಮನುಷ್ಯ ಎಲ್ಲಿಗೆ ಬೀಳುತ್ತಾನೆ? ರಾಯಚೂರಿನಲ್ಲಿ ನೆರಳಿನ ಹೊರಗೆ ಬೇರೇನಿದೆ? ಸಾಬರು ಕತ್ತೆತ್ತಿದರು. ಬಂಡೆಮ್ಮ ಗಡಿಗೆಯ ಬಟ್ಟೆಗೆ ನೀರು ಚಿಮುಕಿಸುತ್ತ ಬೇರೆ ಕಡೆ ನೋಡುತ್ತಿದ್ದಳು. ಏಳನೆಯ ಇಯತ್ತೆ ಪಾಸಾದ ತಮಗೆ ಇಡೀ ತಿಂಗಳು ಹೊಳೆಯದ್ದು ಹೆಬ್ಬಟ್ಟಿನ ಈಕೆಗೆ ಹೊಳೆದಿದೆ ಎಂದು ಸಾಬರಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಕರಿ ಬಟ್ಟೆಯ ತುದಿಯಿಂದ ಒರೆಸಿಕೊಂಡು, ಉಳಿದ ಸಾಲನ್ನು ದುಂಡಗೆ ಬರೆದು ಮುಗಿಸಿದರು.

“ಹೆಬ್ಬಟ್ಟು ಒತ್ತು,” ಅಂದರು. “ಜೋರಾಗಿ ಒತ್ತು.”

ಗುರುವಾರ ಮಧ್ಯಾಹ್ನ ರೊಟ್ಟಿಯ ಹೊತ್ತಿಗೆ ಮಹಾಂತಯ್ಯನವರು ಅರ್ಜಿ ಹಿಡಿದುಕೊಂಡು ಬೇವಿನ ಕೆಳಗೆ ಬಂದರು. ವಾದಿಯೂ ಪ್ರತಿವಾದಿಯೂ ಒಂದೇ ಉಪ್ಪಿನಕಾಯಿ ನಂಜಿಕೊಳ್ಳುತ್ತಿದ್ದರು.

“ಈ ತಕರಾರು ಖರೇ ಏನು?” ಅವರು ಸಾಬರನ್ನು ಕೇಳಿದರು.

“ಖರೇ ಅದರಿ ಅಯ್ಯಾರ. ದಿನಾ ಆಕಿ ನೆಳ್ಳಾಗ ನಿಂತೀನಿ. ನಂದು ತಪ್ಪಾಗ್ಯಾದ.”

“ಇದು ಯಾರ ಅಕ್ಷರ?”

“ನನ್ನವೇರಿ. ಆಕಿಗೆ ಬರಿಯಾಕ ಬರಂಗಿಲ್ಲ.”

ಮಹಾಂತಯ್ಯನವರು ಕಾಗದ ನೋಡಿದರು, ಸಾಬರನ್ನು ನೋಡಿದರು, ಬಂಡೆಮ್ಮನನ್ನು ನೋಡಿದರು. ಆಮೇಲೆ ಪುಸ್ತಕ ಬಿಡಿಸಿದರು. ಹನ್ನೊಂದನೆಯ ನಿಯಮವನ್ನು ಎರಡು ಸಲ ಓದಿದರು, ಒಮ್ಮೆ ತಮಗೆ, ಒಮ್ಮೆ ಎಲ್ಲರಿಗೂ ಕೇಳುವ ಹಾಗೆ. ಇಬ್ಬರು ಪರವಾನಿಗೆದಾರರ ಜಾಗ ಒಂದರ ಮೇಲೊಂದು ಬಂದಲ್ಲಿ, ಮೊದಲ ನಂಬರಿನವರ ಜಾಗ ಕಾಯಂ. ನಂತರದ ನಂಬರಿನವರು ಆ ಹೊತ್ತಿನಲ್ಲಿ ಬೇರೊಂದು ಖಾಲಿ ಜಾಗದಲ್ಲಿ ವ್ಯಾಪಾರ ಮಾಡತಕ್ಕದ್ದು.

“ಆರು ಮೊದಲು, ಏಳು ನಂತರ,” ಅಂದರು. ಇಷ್ಟು ದಿನ ಎಚ್ಚರಿಕೆ ಬರೆದು ಬರೆದು ಅವರಿಗೂ ಬೇಸರ ಬಂದಿತ್ತೆಂದು ಆಗ ಗೊತ್ತಾಯಿತು, ಮುಖ ಅಷ್ಟು ಹಗುರಾಗಿತ್ತು. “ದಸ್ತಗೀರ್ ಸಾಬ್ರ, ನೆರಳು ಈ ಕಡಿಗೆ ಬಂತಂದ್ರ ನೀವು ಆ ಕಡಿಗೆ ಹೋಗಬೇಕು. ಹೋಗಲಿಲ್ಲಂದ್ರ ಅದು ಮೂರನೇ ಎಚ್ಚರಿಕಿ ಆಗತದ.”

“ಹೋಗತೀನ್ರಿ,” ಅಂದರು ಸಾಬರು, ಬಹಳ ವಿನಯದಿಂದ.

ಎರಡರ ಮೇಲೆ ಬಂಡೆಮ್ಮ ಒಂದು ಗಡಿಗೆ ಎತ್ತಿಕೊಂಡು ಮೂಡಣಕ್ಕೆ ಹೋದಳು. ಇನ್ನೊಂದನ್ನು ಸಾಬರು ಮುಟ್ಟಿಸಿ, ಕ್ಯಾಮೆರಾ ಹೊತ್ತು ಪಡುವಣಕ್ಕೆ ನಡೆದರು. ಬಿಸಿಲು ನೆತ್ತಿ ಸುಡುತ್ತಿತ್ತು. ಅವರಿಗೆ ಅದು ಮೈಗೆ ಎಣ್ಣೆ ತಿಕ್ಕಿದಷ್ಟು ಹಿತವಾಯಿತು. ಬಸ್ಸು ಬಂತು, ಯಮನಮ್ಮ ಬಂದಳು, ಗಂಡನ ಹೆಗಲಲ್ಲಿ ತಗಡಿನ ಪೆಟ್ಟಿಗೆ. ಪರದೆಯ ಮುಂದೆ ಕೂಡಿಸಿ, ಗುಬ್ಬಿಯ ಹಾಗೆ ಒಮ್ಮೆ ಕೂಗಿ, ಮುಚ್ಚಳ ತೆಗೆದರು. ಒಂದು, ಎರಡು. ಕೂಸು ಕತ್ತು ತಿರುಗಿಸುವುದರೊಳಗೆ ಮುಚ್ಚಿಯಾಗಿತ್ತು. ತೊಳೆದು ತೆಗೆದ ಹಸಿ ಕಾಗದದ ಮೇಲೆ ಆ ಕೂಸು ಎರಡು ಹಲ್ಲು ಬಿಟ್ಟು ನಗುತ್ತಿತ್ತು. ಹಲ್ಲು ಕೂಡ ಲೆಕ್ಕಕ್ಕೆ ಸಿಗುವಷ್ಟು ಚೊಕ್ಕ. ಅದರ ತಂದೆ ಫೋಟೋ ಒಣಗುವವರೆಗೂ ಕಾಯಲಾರದೆ ಉಫ್ ಉಫ್ ಎಂದು ಊದುತ್ತ ನಿಂತ.

ಬಿಸಿಲಲ್ಲಿ ನಿಂತು ನೋಡುತ್ತಿದ್ದ ಮಹಾಂತಯ್ಯನವರು ಬೆವರು ಒರೆಸಿಕೊಂಡು ನೆರಳಿನ ಅಂಚಿಗೆ ಬಂದರು. ಅಲ್ಲಿ ನಿಂತು, ಒಳಗೆ ಕಾಲಿಡಲು ಬಂಡೆಮ್ಮನ ಅಪ್ಪಣೆ ಕೇಳಿದರು. ಕಾನೂನು ಪ್ರಕಾರ ಅದು ಆಕೆಯ ಜಾಗವಲ್ಲವೇ.

“ಬರ್ರಿ ಅಯ್ಯಾರ, ಕುಂದರ್ರಿ,” ಅಂದಳು ಬಂಡೆಮ್ಮ. ಅವರು ಕೂತು, ರೊಕ್ಕ ಮೊದಲು ಕೊಟ್ಟು, ಎರಡು ಲೋಟ ಮಜ್ಜಿಗೆ ಕುಡಿದರು.

ಆ ವರ್ಷ ಹಾಗೇ ಕಳೆಯಿತು. ಮರು ಯುಗಾದಿಗೆ ಮತ್ತೆ ಅರ್ಜಿಗಳು ಬಂದವು. ಬಂಡೆಮ್ಮನ ಕಾಗದದಲ್ಲಿ ಸಾಬರು ಏನನ್ನೂ ಕೇಳದೆ ನೆರಳು ಎಂದು ಬರೆದರು. ತಮ್ಮ ಕಾಗದ ತೊಡೆಯ ಮೇಲಿಟ್ಟುಕೊಂಡು, ಗಜ ಅಳೆಯಲು ಏಳದೆ, ಜಾಗದ ಸಾಲಿನಲ್ಲಿ ಒಂದೇ ಒಂದು ಪದ ಬರೆದು ಪೆನ್ನು ಮುಚ್ಚಿದರು.

“ನಿಮ್ಮದು ಏನ ಬರದ್ರಿ?” ಬಂಡೆಮ್ಮ ಕೇಳಿದಳು.

“ಬಿಸಲು.”

ಬಂಡೆಮ್ಮ ಬಾಗಿನ ಸುತ್ತ ಒಮ್ಮೆ ಕಣ್ಣಾಡಿಸಿದಳು. ಗೇಟಿನ ಆಚೆ ರಸ್ತೆ, ರಸ್ತೆಯ ಆಚೆ ಬಂಡೆಗಲ್ಲಿನ ಗುಡ್ಡ, ಎಲ್ಲ ಕಡೆ ಅದೇ ತುಂಬಿಕೊಂಡು ಬಿದ್ದಿತ್ತು.

“ನಮ್ಮ ರಾಯಚೂರಾಗ ಅದಕ್ಕೂ ಫೀಸ ಕಟ್ಟಬೇಕೇನ್ರಿ, ಸಾಬ್ರ?”

“ಕಟ್ಟತೀನವ್ವ,” ಅಂದರು ಸಾಬರು. ಆಕೆಯ ಅರ್ಜಿಯನ್ನು ಮೇಲಿಟ್ಟು, ತಮ್ಮದನ್ನು ಕೆಳಗಿಟ್ಟು, ಆಫೀಸಿನ ಕಿಟಕಿಯ ಕಡೆ ಹೊರಟರು.